ಇಬ್ಬರಲ್ಲಿ ಯಾರು ಬೆಟರ್?

ಆ ಹೋಟೆಲಿನ ಎಚ್‌ಆರ್ ಸಾಹೇಬರ ಮೇಲೆ ನನಗೆ ಇನ್ನೂ ಸಿಟ್ಟಿದೆ. "ಅವ್ವಾ, ಬಿ.ಪಿ. ಏರಿಸ್ಕೋಬ್ಯಾಡ, ಅಂವಾ ಏನ್ ನಿನ್ನ ಸ್ಟೂಡೆಂಟ್ ಅಲ್ಲ" ಎಂದು ಮಗ ಹೇಳುತ್ತಾನೆ. ಆಗಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮಾಪುಸಾದಲ್ಲಿ ನಮ್ಮದು ಬಟ್ಟೆ ಅಂಗಡಿ. ಗೋವಾದ ರೂಢಿಯಂತೆ ಮಧ್ಯಾಹ್ನ ಒಂದಕ್ಕೆ ಶಟರ್ ಇಳಿದರೆ ನಾಲ್ಕರ ತನಕ ಏಳುವುದಿಲ್ಲ. ಗಂಡಸರು ಮೇಲಿನ ಮನೆಯಲ್ಲಿ ಮಲಗಿರುವಾಗ, ಕೆಳಗೆ ಸೀರೆ ಬಿಚ್ಚಿ ತೋರಿಸುವ ಬಿಳಿ ಗಾದಿಯ ಮೇಲೆ ವಾರಕ್ಕೆರಡು ದಿನ ನನ್ನ ಇಂಗ್ಲಿಷ್ ಕ್ಲಾಸ್. ಬರುವವರು ಕಲಂಗುಟ್‌ನ ಹೋಟೆಲುಗಳಲ್ಲಿ ರೂಮು ಸ್ವಚ್ಛ ಮಾಡುವ, ನಮ್ಮ ಉತ್ತರ ಕರ್ನಾಟಕದ ಕಡೆಯ ಹೆಂಗಸರು. ಮೊದಲ ಶಿಫ್ಟ್ ಮುಗಿಸಿ, ಬಸ್ಸು ಹಿಡಿದು, ಅರ್ಧ ನಿದ್ದೆಯಲ್ಲೇ ಬಂದು ಕೂರುತ್ತಾರೆ.

ನಾನು ಕಲಿತದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಪಾಲಿಶ್ ಹಚ್ಚಿದ ಮರದ ಮೆಟ್ಟಿಲು, ಪಿಯಾನೊ, ಸಿಸ್ಟರುಗಳ ಬಿಳಿ ಉಡುಪಿನ ಸ್ಟಾರ್ಚ್ ವಾಸನೆ ಈಗಲೂ ಪ್ರೀತಿಯಿಂದ ನೆನಪಾಗುತ್ತವೆ. ಆದರೆ ಅದೇ ಶಾಲೆಯಲ್ಲಿ ಕಂಪ್ಯಾರಿಸನ್ ಪಾಠ ಮಾಡುವಾಗ ಸಿಸ್ಟರ್ ಮೂವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, "ಫೇರ್, ಫೇರರ್, ಫೇರೆಸ್ಟ್" ಎಂದು ಕೋಲಿನಿಂದ ತೋರಿಸಿದರು. ಮರುದಿನ "ಡಾರ್ಕ್, ಡಾರ್ಕರ್, ಡಾರ್ಕೆಸ್ಟ್" ಬಂತು. ಕೋಲಿನ ತುದಿ ಕೊನೆಗೆ ನಿಂತದ್ದು ನನ್ನ ಮುಂದೆ. ನಾನು ಟೀಚರಾದ ಮೇಲೆ ಮನುಷ್ಯರನ್ನು ಎಂದೂ ಸಾಲಾಗಿ ನಿಲ್ಲಿಸಲಿಲ್ಲ. ಉಳ್ಳಾಗಡ್ಡಿ, ಬಟಾಟಿ, ತೆಂಗಿನಕಾಯಿ, ಮೀನು ಇವೇ ನನ್ನ ಉದಾಹರಣೆಗಳು. "ಇಸ್ವಾಣ ಮೀನು ಬಂಗ್ಡೆಗಿಂತ ಬಿಗರ್" ಎಂದರೆ ಒಬ್ಬಳು, "ನಾವು ಮೀನ ಮುಟ್ಟೂದಿಲ್ರಿ ಅಕ್ಕೋರ, ಆದ್ರ ಬಿಗರ್ ಐತ್ರಿ" ಎಂದು ಎಲ್ಲರನ್ನೂ ನಗಿಸಿದ್ದಳು.

ಆ ಕ್ಲಾಸಿಗೆ ಇಬ್ಬರು ನೆಗೆಣ್ಣಿಯರು ಬರುತ್ತಿದ್ದರು. ಬಾಗಲಕೋಟೆ ಕಡೆಯವರು, ಅಣ್ಣತಮ್ಮಂದಿರ ಹೆಂಡತಿಯರು. ಹಿರಿಯಳಿಗೆ ನಲವತ್ತರ ಆಜುಬಾಜು. ಕಿರಿಯಳದು ಇನ್ನೂ ಎಳೆ ವಯಸ್ಸು, ಮನೆಯಲ್ಲಿ ಸಣ್ಣ ಕೂಸು. ಒಂದೇ ಹೋಟೆಲಿನಲ್ಲಿ, ಕಾಂಟ್ರ್ಯಾಕ್ಟ್ ಮೇಲೆ, ಜೋಡಿಯಾಗಿ ಕೆಲಸ. ಆ ದೊಡ್ಡ ಮಂಚಗಳ ಚಾದರವನ್ನು ಒಬ್ಬರೇ ಹಾಸಲು ಆಗುವುದಿಲ್ಲ. ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ಹಿಡಿದು ಒಮ್ಮೆ ಝಾಡಿಸಬೇಕು, ಒಂದೇ ಹೊತ್ತಿಗೆ ಎಳೆದು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಒಂದು ದಿನ ನಮ್ಮ ಗಾದಿಯ ಮೇಲೆಯೇ ಮಾಡಿ ತೋರಿಸಿದರು. ಮಾತಿಲ್ಲ, ಕಣ್ಸನ್ನೆಯೂ ಇಲ್ಲ. ಒಂದು ಸುಕ್ಕೂ ಉಳಿಯಲಿಲ್ಲ.

ಸೀಸನ್ ಮುಗಿಯುತ್ತ ಬಂತು. ಮಳೆಗಾಲಕ್ಕೆ ಕಾಂಟ್ರ್ಯಾಕ್ಟಿನವರನ್ನೆಲ್ಲ ಮನೆಗೆ ಕಳಿಸುತ್ತಾರೆಂದೂ, ಅವರಿಬ್ಬರಲ್ಲಿ ಒಬ್ಬರನ್ನು ಮಾತ್ರ ಪರ್ಮನೆಂಟ್ ಮಾಡುತ್ತಾರೆಂದೂ, ಇಂಟರ್‌ವ್ಯೂ ಇಂಗ್ಲಿಷಿನಲ್ಲೆಂದೂ ಸುದ್ದಿ ಬಂತು. ಆಗ ನಾನು ದಾರಿ ತಪ್ಪಿದೆ. ಬಟಾಟಿ ಬಿಟ್ಟು, "ನಿಮ್ಮ ಬಗ್ಗೆ ಹೇಳ್ರಿ, ಒಬ್ಬರಿಗಿಂತ ಒಬ್ಬರು ಹೆಂಗ ಅಂತ ಹೇಳ್ರಿ" ಎಂದು ಇಬ್ಬರನ್ನೂ ಎದುರುಬದುರು ಕೂರಿಸಿದೆ. ಹಿರಿಯಳು ಒಪ್ಪಲಿಲ್ಲ.

"ಮನಷಾರ್ನ ತೂಗಾಕ ನನಗ ಬರೂದಿಲ್ರಿ ಅಕ್ಕೋರ. ಬೇಕಾದ್ರ ಬಟಾಟಿ ತೂಗತೇನಿ."

"ಇಂಟರ್‌ವ್ಯೂದಾಗ ಬಟಾಟಿ ಕೇಳೂದಿಲ್ಲವಾ, ನಿನ್ನ ಕೇಳ್ತಾರ" ಎಂದು ಗದರಿದೆ.

ಆ ಸಾಹೇಬ ಕೇಳಿದ್ದೂ ಅದನ್ನೇ. ಒಬ್ಬೊಬ್ಬರನ್ನಾಗಿ ಕರೆದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದು, ಮೇಜಿನ ಮುಂದೆ ಅಕ್ಕಪಕ್ಕ ನಿಲ್ಲಿಸಿ, "ನಿಮ್ಮಿಬ್ಬರಲ್ಲಿ ಹೂ ಈಸ್ ಬೆಟರ್? ಕಂಪೇರ್ ಮಾಡಿ ಹೇಳಿ" ಎಂದನಂತೆ! ಏನು ಮ್ಯಾನರ್ಸ್ ಇದು? ದನದ ಸಂತೆಯಲ್ಲಿ ಕೂಡ ದನವನ್ನೇ ಕೇಳುವುದಿಲ್ಲ. ಹಿರಿಯಳು ನೆಲ ನೋಡುತ್ತ ಸುಮ್ಮನೆ ನಿಂತಳಂತೆ. ಕಿರಿಯಳು ನಾನು ಕಲಿಸಿದ ಹಾಗೆಯೇ ತಪ್ಪಿಲ್ಲದೆ ಹೇಳಿದಳಂತೆ: "ಐ ಆಮ್ ಯಂಗರ್ ದ್ಯಾನ್ ಹರ್. ಐ ಆಮ್ ಫಾಸ್ಟರ್ ದ್ಯಾನ್ ಹರ್. ಮೈ ಇಂಗ್ಲಿಷ್ ಈಸ್ ಬೆಟರ್."

ಕೆಲಸ ಕಿರಿಯಳಿಗಾಯಿತು.

ಮುಂದಿನ ಕ್ಲಾಸಿಗೆ ಇಬ್ಬರೂ ಬಂದರು. ಕಿರಿಯಳು ಪೇಢೆಯ ಪೊಟ್ಟಣ ಮುಂದೆ ಹಿಡಿದಳು. ನಾನು ಕೈ ಮುಂದೆ ಮಾಡಲಿಲ್ಲ.

"ನಾಚಿಕಿ ಬರಲಿಲ್ಲೇನ ನಿನಗ? ಬಾಜೂಕ ಅಕ್ಕ ನಿಂತಾಳ, ಆಕಿಕಿಂತ ನಾ ಫಾಸ್ಟರ್ ಅಂತೀಯಾ! ಆಕಿ ಚಾದರ್ ಹಿಡೀದಿದ್ರ ನೀ ಏನ್ ಫಾಸ್ಟರ್?"

ಅವಳ ಕಣ್ಣು ತುಂಬಿ ಬಂತು. ಮಾತಾಡಿದ್ದು ಹಿರಿಯಳು.

"ಆಕಿಗೆ ಬೈಬ್ಯಾಡ್ರಿ ಅಕ್ಕೋರ. ಅಲ್ಲೂ ಇದನ್ನ ಕೇಳ್ತಾರ ಅಂತ ನೀವ ಅಂದಿದ್ರಲ್ರಿ, ನಾನ ಹೇಳಿಕೊಟ್ಟೇನಿ. ಬಸ್ಸಿನ್ಯಾಗ ಕುಂತು ಬಾಯಿಪಾಠ ಮಾಡಿಸೇನಿ."

"ನೀ? ಯಾಕ?"

"ಇಬ್ರೂ ಸುಮ್ಮ ನಿಂತ್ರ ಇಬ್ರನೂ ಕಳಸ್ತಿದ್ರು. ಇಬ್ರೂ ನಾ ಬೆಟರ್, ನಾ ಬೆಟರ್ ಅಂತ ಕಚ್ಚಾಡಿದ್ರ ಮನಿಗೆ ಬಂದು ಒಂದ ಒಲಿ ಮುಂದ ಹೆಂಗ ಕೂಡೂದ್ರಿ? ಪರ್ಮನೆಂಟ್ ಆದ್ರ ಆಕಿ ಕೂಸಿಗೆ ದವಾಖಾನಿ ಕಾರ್ಡ್ ಸಿಗತೈತಿ. ನನ್ನ ಮಕ್ಕಳು ದೊಡ್ಡಾವಾಗ್ಯಾವ. ಈಕಿ ಒಲ್ಲೆ ಅಂತ ಅತ್ಲು. ನಾ ಚಿವುಟಿ ಅನಸೇನಿ, ಫಾಸ್ಟರ್ ಅನ್ನವಾ, ಫಾಸ್ಟರ್ ಅನ್ನು ಅಂತ."

ಕಿರಿಯಳು ಮೂಗೊರೆಸಿಕೊಳ್ಳುತ್ತ, "ಖರೇನ ಚಿವುಟ್ಯಾಳ್ರಿ, ನೋಡ್ರಿ ಬೇಕಾದ್ರ" ಎಂದು ತೋಳು ತೋರಿಸಿದಳು. ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪೇಢೆ ಮಾತ್ರ ತೆಗೆದುಕೊಂಡೆ. ಬೈದದ್ದು ತಪ್ಪಾಯಿತೆಂದು ಆ ಹುಡುಗಿಯ ತಲೆ ಸವರಿದೆ. ಕೂಡಲೇ ಫೋನ್ ಎತ್ತಿಕೊಂಡು, "ಆ ಸಾಹೇಬನ ನಂಬರ್ ಕೊಡ್ರಿ. ಇಂಗ್ಲಿಷಿನಾಗ ಹೆಂಗ ಮಾತಾಡಬೇಕು ನಾ ಅವಗ ಕಲಸ್ತೇನಿ" ಎಂದೆ.

ಹಿರಿಯಳು ನನ್ನ ಕೈಯಿಂದ ಫೋನನ್ನು ಮೆಲ್ಲನೆ ಬಿಡಿಸಿಕೊಂಡಳು. "ಬ್ಯಾಡ್ರಿ. ಫೋನ್ ಮಾಡಿದಾಕಿ ಯಾರ ಕಡೆಯಾಕಿ ಅಂತ ಹುಡುಕ್ತಾರ. ಇದ್ದ ಒಂದು ನೌಕರಿನೂ ಹೋಗತೈತಿ."

ನನ್ನ ಕಾನ್ವೆಂಟ್ ಇಂಗ್ಲಿಷ್ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹಿರಿಯಳು ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಾಳೆ, ಕ್ಲಾಸನ್ನು ಮಾತ್ರ ತಪ್ಪಿಸುವುದಿಲ್ಲ. ಮೊನ್ನೆ ನಾನು ಮತ್ತೆ ಅದೇ ವಿಷಯ ಎತ್ತಿ ಕುದಿಯುತ್ತಿದ್ದಾಗ ಅವಳು ನಕ್ಕುಬಿಟ್ಟಳು.

"ಸಿಟ್ಟು ನೀವ ಇಟ್ಕೋರಿ ಅಕ್ಕೋರ. ಅದನ್ನ ಹೊತ್ಕೊಂಡು ಬಸ್ ಹತ್ತಾಕ ನಮಗ ಆಗೂದಿಲ್ಲ."

ಇಟ್ಟುಕೊಂಡಿದ್ದೇನೆ. ಅವಳನ್ನು ಕೇಳಿಯೇ, ಯಾರ ಹೆಸರನ್ನೂ ಹಾಕದೆ, ಇಷ್ಟು ಬರೆದೆ.