ಫಕೀರಪ್ಪ ಕಾಕಾ ತಂತಿ ಮುಟ್ಟುತ್ತಿದ್ದ ರೀತಿ

ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ ಫಕೀರಪ್ಪ ಕಾಕಾ ವಿದ್ಯುತ್ ತಂತಿಯನ್ನು ಮುಟ್ಟಿ ನೋಡುತ್ತಿದ್ದರು. ಬಲಗೈಯ ಬೆರಳುಗಳನ್ನು ಸಡಿಲವಾಗಿ ಮಡಚಿ, ಅವುಗಳ ಹಿಂಬದಿಯನ್ನು ತಂತಿಗೆ ಸೋಕಿಸಿ, ತಟ್ಟನೆ ಹಿಂದಕ್ಕೆ ತೆಗೆಯುತ್ತಿದ್ದರು. ಅಷ್ಟರಲ್ಲಿ ಅವರಿಗೆ ತಿಳಿಯಬೇಕಾದದ್ದು ತಿಳಿದಿರುತ್ತಿತ್ತು. 'ಐತಿ' ಎನ್ನುತ್ತಿದ್ದರು, ಇಲ್ಲವೆ 'ಇಲ್ಲ' ಎನ್ನುತ್ತಿದ್ದರು. ನಡುವಿನ ಮೂರು ಬೆರಳುಗಳ ಹಿಂದೆ ಸಾಸಿವೆ ಕಾಳಿನಷ್ಟು ಬಿಳಿಯ ಕಲೆಗಳಿದ್ದವು. ಅಂಗೈ ಮಾತ್ರ ಮೆತ್ತಗಿತ್ತು. ಕಂಬ ಹೊತ್ತ ಮನುಷ್ಯನ ಅಂಗೈ ಹಾಗಿರುವುದು ಹೇಗೆಂದು ನನಗೆ ಆಶ್ಚರ್ಯವಾಗುತ್ತಿತ್ತು.

ಅವರು ಮುಂಡಗೋಡ ತಾಲ್ಲೂಕಿನ ಪಾಳಾದವರು. ದಾಂಡೇಲಿಯಲ್ಲಿ ಕಾಗದದ ಮಿಲ್ಲು ಕಟ್ಟುವಾಗ ಕೂಲಿಗೆಂದು ಬಂದು, ಕಂಬ ಹೊತ್ತು, ತಂತಿ ಎಳೆಯುವವರ ಹಿಂದೆ ನಿಂತು ನೋಡಿ ಕೆಲಸ ಕಲಿತವರು. ನಾನು ಕಂಡಾಗ ಮನೆಗಳಿಗೆ ವಾಯರಿಂಗ್ ಮಾಡಿಸುವ ಒಬ್ಬ ಗುತ್ತಿಗೆದಾರರ ಕೈಕೆಳಗೆ ಇದ್ದರು. ಅವರಿಗೆ ಓದಲು ಬರುತ್ತಿದ್ದದ್ದು ಎರಡೇ ಪದ: ತಮ್ಮ ಹೆಸರು ಮತ್ತು 'ಅಪಾಯ'.

ದಾಂಡೇಲಿಯ ಅಂಬೇವಾಡಿಯ ಕೊನೆಯ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತರು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ವರ್ಷ ನಮ್ಮ ಮನೆಗೆ ಕರೆಂಟ್ ಬಂತು. ರಜೆಗೆ ಬಂದಾಗ ಕಾಕಾ ಬಿದಿರಿನ ಏಣಿಯ ಮೇಲೆ ನಿಂತಿದ್ದರು. ಭತ್ತದ ಹೊಟ್ಟು ತುಂಬಿದ ಚೀಲದಿಂದ ಬಲ್ಬನ್ನು ಮೊಟ್ಟೆ ತೆಗೆಯುವಂತೆ ತೆಗೆದು, 'ತಂಗಿ, ನೀ ಸಾಯನ್ಸ್ ಓದಾಕಿ ಅಂತಲ್ಲವಾ. ಇದರೊಳಗ ಏನೈತಿ ಹೇಳು' ಎಂದರು.

'ಗಾಳಿ ಇಲ್ಲ ಕಾಕಾ. ಬೇರೆ ಅನಿಲ ಇರುತ್ತದೆ. ಗಾಳಿ ಇದ್ದರೆ ತಂತು ಸುಟ್ಟುಹೋಗುತ್ತದೆ.'

'ನಾವು ಗಾಳಿ ಇಲ್ಲದಿದ್ರ ಸಾಯ್ತೇವಿ, ಇದು ಗಾಳಿ ಇದ್ರ ಸಾಯ್ತೈತಿ. ಚಲೋ ಐತಿ ಬಿಡು' ಎಂದು ಬಲ್ಬ್ ತಿರುಗಿಸಿದರು.

ನಾನು ಹೆಚ್ಚು ಮಾತನಾಡುವವಳಲ್ಲ. ಮನೆಗೆ ಬಂದವರ ಮುಂದೆ ನಿಲ್ಲುವುದೂ ನನಗೆ ಕಷ್ಟ. ಆದರೆ ಕಾಕಾ ಕೇಳುತ್ತಿದ್ದ ಪ್ರಶ್ನೆಗಳು ಊಟ, ಮದುವೆ, ವಯಸ್ಸಿನ ಬಗೆಗಲ್ಲ. ಬಲ್ಬು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಒತ್ತಿದ ಗಳಿಗೆಯಲ್ಲಿ ಹೋಗುವುದೇ ಹೆಚ್ಚು, ಯಾಕೆ? ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲ, ಯಾಕೆ? ಇಂಥವು. ಉತ್ತರ ಗೊತ್ತಿಲ್ಲದಿದ್ದರೆ ನಾನು ಧಾರವಾಡಕ್ಕೆ ಹೋಗಿ ಪುಸ್ತಕ ನೋಡಿ ಬರುತ್ತಿದ್ದೆ. ಮುಂದಿನ ರಜೆಯಲ್ಲಿ ಹೇಳುವವರೆಗೆ ಅವರು ಪ್ರಶ್ನೆಯನ್ನು ಮರೆಯುತ್ತಿರಲಿಲ್ಲ.

ಅವರಿಗೆ ಒಂದು ವಿದ್ಯೆ ಗೊತ್ತಿತ್ತು. ಸುಟ್ಟ ಬಲ್ಬನ್ನು ಬಿಸಾಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ, ಓರೆ ಮಾಡಿ, ಒಳಗೆ ತುಂಡಾದ ತಂತುವಿನ ಎರಡು ತುದಿಗಳು ಒಂದರ ಮೇಲೊಂದು ಬೀಳುವ ಹಾಗೆ ಮಾಡುತ್ತಿದ್ದರು. ಹಾಗೆಯೇ ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿದರೆ ತುದಿಗಳು ಬೆಸೆದುಕೊಂಡು ಬಲ್ಬ್ ಮತ್ತೆ ಉರಿಯುತ್ತಿತ್ತು. ಮೊದಲಿಗಿಂತ ಪ್ರಖರವಾಗಿಯೇ ಉರಿಯುತ್ತಿತ್ತು, ಆದರೆ ನಾಲ್ಕು ದಿನ ಮಾತ್ರ. ತಂತು ಗಿಡ್ಡವಾದದ್ದರಿಂದ ತಡೆ ಕಡಿಮೆಯಾಗುತ್ತದೆ, ಹೆಚ್ಚು ಕರೆಂಟ್ ಹರಿದು ಹೆಚ್ಚು ಕಾಯುತ್ತದೆ ಎಂದು ನಾನು ವಿವರಿಸಿದೆ.

'ಅಂದ್ರ ಗಿಡ್ಡ ಇದ್ದಷ್ಟು ಬಿಸಿ ಜಾಸ್ತಿ' ಎಂದರು ಕಾಕಾ. ಅಂದು ಅವರಿಗೆ ಬುತ್ತಿ ತಂದಿದ್ದ ಹೆಂಡತಿ ನೀಲವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಆಕೆ ಕಾಕಾನ ಭುಜಕ್ಕೂ ಬರುತ್ತಿರಲಿಲ್ಲ. 'ಕೇಳಿದೇನು? ನಾ ಇಷ್ಟ ವರ್ಷ ಅಂದದ್ದನ್ನ ಕಾಲೇಜಿನಾಗೂ ಕಲಸ್ತಾರಂತ.'

'ಉದ್ದ ಇದ್ದವರು ಎಷ್ಟ ಬೆಳಕ ಕೊಟ್ಟಾರ ನಾನೂ ನೋಡೇನಿ. ರೊಟ್ಟಿ ಆರ್ತಾವ, ಇಳೀರಿ ಕೆಳಗ' ಎಂದರು ನೀಲವ್ವ.

ಸಂಜೆ ಮಿಲ್ಲಿನ ಕಡೆ ಏನೋ ಶುರುವಾದಾಗ ಓಣಿಯ ದೀಪಗಳೆಲ್ಲ ಒಮ್ಮೆ ಕೆಂಪಗಾಗಿ ಮತ್ತೆ ಬೆಳ್ಳಗಾಗುತ್ತಿದ್ದವು. ಜನ ಬೈದರೆ ಕಾಕಾ, 'ದೊಡ್ಡ ಮೋಟರ್ ಎದ್ದೇಳಾಕ ಹತ್ತೇತಿ. ನಮ್ಮ ಪಾಲಿಂದು ಒಂದ ಗುಟುಕ ಕುಡೀತೈತಿ, ಕುಡೀಲಿ ಬಿಡ್ರಿ' ಎನ್ನುತ್ತಿದ್ದರು.

ಪದವಿ ಮುಗಿಸಿ ನಾನು ದಾಂಡೇಲಿಯಲ್ಲೇ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸತೊಡಗಿದೆ. ಅಂದಿನಿಂದ 'ತಂಗಿ' ಹೋಗಿ ನಾನು 'ಅಕ್ಕೋರ' ಆದೆ. ಎಷ್ಟು ಬೇಡವೆಂದರೂ ಕೇಳಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಸ್ವಿಚ್ ಬಿಚ್ಚುವಾಗ, ಕಾಕಾನ ಒದ್ದೆ ಬೆರಳು ತಂತಿಗೆ ತಾಗಿದ್ದೇ ತಡ, ಮೊಣಕೈ ಹಿಂದಕ್ಕೆ ಸಿಡಿದು ಗೋಡೆಗೆ ಬಡಿಯಿತು. ಅವ್ವ ಚೀರಿದಳು. ಕಾಕಾ ಕೈ ಕೊಡವಿಕೊಂಡು, 'ಐತಿ' ಎಂದು ನಕ್ಕರು.

ನನಗೆ ಸಿಟ್ಟು ಬಂತು. 'ಕಾಕಾ, ಕೈ ಉಪಕರಣವಲ್ಲ' ಎಂದೆ.

'ಅಕ್ಕೋರ, ಅಂಗೈಲೆ ಹಿಡದ್ರ ಕರೆಂಟು ಮುಷ್ಟಿ ಕಟ್ಟಸ್ತೈತಿ. ಬಿಡತೇನಂದ್ರೂ ಬಿಡಾಕಾಗೂದಿಲ್ಲ. ಕೈ ಹಿಂದಲೆ ಮುಟ್ಟಿದ್ರ ಅದಽ ಮುಷ್ಟಿ ನಮ್ಮನ್ನ ತಂತಿಯಿಂದ ಬಿಡಸ್ತೈತಿ. ನಾ ಅದರ ಕೂಡ ಜಗಳಾಡೂದಿಲ್ಲ, ಅದ ನನ್ನ ದೂಡಲಿ ಅಂತೇನಿ.'

ಅವರು ಹೇಳಿದ್ದು ಸರಿಯಾಗಿತ್ತು. ಬೆರಳು ಮಡಚುವ ಸ್ನಾಯುಗಳಿಗೆ ಬಿಚ್ಚುವವುಗಳಿಗಿಂತ ಬಲ ಹೆಚ್ಚು. ಆದರೆ ಎದೆಯ ಮೂಲಕ ಕರೆಂಟ್ ಹಾದರೆ ಹಿಂಬದಿ ಮುಂಬದಿ ಎಂಬುದಿಲ್ಲ ಎಂದು ವಾದಿಸಿದೆ. ಮರುದಿನ ಪೇಟೆಯಿಂದ ಒಂದು ಹೋಲ್ಡರ್ ತಂದು, ಅದಕ್ಕೆ ಎರಡು ಉದ್ದ ತಂತಿ ಕಟ್ಟಿ, ಬಲ್ಬ್ ಹಾಕಿ ಅವರಿಗೆ ಕೊಟ್ಟೆ. ಒಂದು ತುದಿಯನ್ನು ಈ ತಂತಿಗೆ, ಇನ್ನೊಂದನ್ನು ಆ ತಂತಿಗೆ ಹಿಡಿಯಬೇಕು. ಅವರಿಗೆ ನೆನಪಿರಲೆಂದು ಚಿಕ್ಕ ಮಾತಿನಲ್ಲಿ ಹೇಳಿದೆ: 'ಹತ್ತಿದರೆ ಇದೆ, ಹತ್ತದಿದ್ದರೆ ಇಲ್ಲ.'

ಅವರು ಅದನ್ನು ಒಪ್ಪಿದ್ದು ನನ್ನ ಮೇಲಿನ ಮರ್ಯಾದೆಗೆ. ಹೆದರಿಕೆಯಿಂದಲ್ಲ. ಮೊದಮೊದಲು ನಮ್ಮ ಮನೆಯಲ್ಲಿ ಮಾತ್ರ ಅದನ್ನು ತೆಗೆಯುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಎಲ್ಲ ಕಡೆಯೂ ಹೆಗಲ ಚೀಲದಿಂದ ಆ ಬಲ್ಬು ಹೊರಬರತೊಡಗಿತು. 'ನಮ್ಮ ಅಕ್ಕೋರು ಮಾಡಿಕೊಟ್ಟದ್ದು' ಎಂದು ಹೇಳುತ್ತಿದ್ದರಂತೆ. 'ಹತ್ತಿದ್ರ ಐತಿ, ಹತ್ತದಿದ್ರ ಇಲ್ಲ' ಎನ್ನುತ್ತಿದ್ದರಂತೆ.

ಈ ಮಾತು ಅರ್ಧ ಮಾತ್ರ ನಿಜ. ಬಲ್ಬ್ ಹತ್ತಬೇಕಾದರೆ ಕರೆಂಟ್ ಬರುವ ತಂತಿಯೂ ಬೇಕು, ಹಿಂದಿರುಗುವ ತಂತಿಯೂ ಬೇಕು. ಹಿಂದಿರುಗುವ ತಂತಿ ದೂರದಲ್ಲೆಲ್ಲೋ ಕಡಿದಿದ್ದರೆ ಬಲ್ಬ್ ಹತ್ತುವುದಿಲ್ಲ. ಆದರೆ ಬರುವ ತಂತಿಯಲ್ಲಿ ಜೀವ ಇದ್ದೇ ಇರುತ್ತದೆ. ಅದು ತಿಳಿಯಲು ಬಲ್ಬಿನ ಒಂದು ತುದಿಯನ್ನು ನೆಲದಲ್ಲಿ ಹೂಳಿದ ಕೊಳವೆಗೂ ಹಿಡಿದು ನೋಡಬೇಕು. ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಸುತ್ತು ಪೂರ್ತಿಯಾಗದೆ ದೀಪ ಉರಿಯದು ಎಂದು ಎಂಟನೆಯ ತರಗತಿಯ ಹಲಗೆಯ ಮೇಲೆ ನಾನೇ ಚಿತ್ರ ಬರೆಯುತ್ತಿದ್ದೆ. ಕಾಕಾನಿಗೆ ಹೇಳುವಾಗ ಅದು ಹೊಳೆಯಲಿಲ್ಲ.

ಮರುವರ್ಷ ಮೊದಲ ಮಳೆ ಗಾಳಿಯ ಜೊತೆ ಬಂತು. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಕಾಕಾ ಬಂದು ಸೂರಿನ ಕೆಳಗೆ, ಕಂಬದಿಂದ ಬಂದ ಎರಡು ತಂತಿಗಳು ಮನೆಯ ತಂತಿಗೆ ಕೂಡುವ ಕಡೆ ಏಣಿ ಇಟ್ಟು ಹತ್ತಿದರು. ನಾನು ಏಣಿಯ ಕಾಲು ಹಿಡಿದು ನಿಂತೆ. ಅಲ್ಲಿ ಒಂದು ಜೋಡಣೆ ಸಡಿಲಾಗಿತ್ತು. ಬಲ್ಬನ್ನು ತೆಗೆದು ಎರಡು ತುದಿಗಳನ್ನು ಎರಡು ತಂತಿಗಳಿಗೆ ಹಿಡಿದರು. ಹತ್ತಲಿಲ್ಲ. ಇನ್ನೊಮ್ಮೆ ಒತ್ತಿ ಹಿಡಿದರು. ಹತ್ತಲಿಲ್ಲ.

'ಕಂಬದ ಮ್ಯಾಲಿನ ಫ್ಯೂಜ್ ಹೋಗೇತಿ ಕಾಣ್ತೈತಿ. ಕರೆಂಟ್ ಇಲ್ಲ. ಹೌದಲ್ರಿ ಅಕ್ಕೋರ?'

'ಹೌದು' ಎಂದೆ.

'ಹಂಗಾದ್ರ ಕರೆಂಟ್ ಬರೂದ್ರಾಗ ಈ ಜೋಡ ಬಿಗದ ಬಿಡ್ತೇನಿ.' ಬಲ್ಬನ್ನು ಹೆಗಲಿಗೆ ಹಾಕಿಕೊಂಡರು. ಎಡಗೈಯಿಂದ ಗೋಡೆಗುಂಟ ನೆಲಕ್ಕಿಳಿದಿದ್ದ ಕಬ್ಬಿಣದ ಕೊಳವೆ ಹಿಡಿದು, ಬಲಗೈಯಿಂದ, ಅಂಗೈಯಿಂದ, ತಂತಿಯನ್ನು ಹಿಡಿದರು.

ಸದ್ದಾಗಲಿಲ್ಲ. ಏಣಿ ನಡುಗಿತು. ಒಣಗಿದ ಕಟ್ಟಿಗೆ ಬೇಕೆಂದು ತಿಳಿದು ನಾನು ಒಳಗೆ ಓಡಿ ಒನಕೆ ತಂದೆ. ಕೈಯನ್ನು ತಂತಿಯಿಂದ ಬಿಡಿಸಲು ಮೂರು ಸಲ ಹೊಡೆಯಬೇಕಾಯಿತು. ಕಾಕಾ ಕೆಳಗೆ ಬಿದ್ದಾಗಲೂ ಆ ಮುಷ್ಟಿ ಬಿಚ್ಚಿರಲಿಲ್ಲ.

ಆಮೇಲೆ ನೋಡಿದಾಗ ಕಂಬದ ತುದಿಯಲ್ಲಿ ನಮ್ಮ ಮನೆಯ ಹಿಂದಿರುಗುವ ತಂತಿ ಗಾಳಿಗೆ ಕಡಿದು ಜೋತಾಡುತ್ತಿತ್ತು. ಪಕ್ಕದ ಮನೆಗಳಲ್ಲಿ ಕರೆಂಟ್ ಇತ್ತು. ಹಗಲಾದ್ದರಿಂದ ಯಾರೂ ದೀಪ ಹಾಕಿರಲಿಲ್ಲ.

ಪೋಲೀಸರು ಪಂಚನಾಮೆಗೆ ಬರುವಷ್ಟರಲ್ಲಿ, ಕಾಲಿಗೆ ಚುಚ್ಚೀತೆಂದು ಅವ್ವ ಒಡೆದ ಬಲ್ಬಿನ ಗಾಜನ್ನು ಗುಡಿಸಿ, ಹೋಲ್ಡರ್ ತಂತಿಯ ಸಮೇತ ತಿಪ್ಪೆಗೆ ಹಾಕಿದ್ದಳು. ಗುತ್ತಿಗೆದಾರರು ಹೊರಗಿನ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು: 'ಊರಿಗೇ ಗೊತ್ತೈತ್ರಿ ಸಾಹೇಬರ, ಬರಿಗೈಲೆ ತಂತಿ ಮುಟ್ಟಾವ ಅವ. ನೂರ ಸಲ ಹೇಳೇನಿ. ಟೆಸ್ಟ್ ಮಾಡದ ಕೈ ಹಾಕ್ಯಾನ.' ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಕಾ ಹಾಗೆ ಮುಟ್ಟುವುದನ್ನು ಎಲ್ಲರೂ ನೋಡಿದ್ದರು.

ನಾನು ಬಾಗಿಲ ಹಿಂದೆ ಇದ್ದೆ. ಹೊರಗೆ ಹೊರಟಾಗ ಅಪ್ಪ ಒಳಗೆ ಬಂದು ಮೆಲ್ಲಗೆ, 'ನಿನ್ನ ಹೆಸರು ಪೋಲೀಸರ ಕಾಗದದಾಗ ಬರೂದು ಬ್ಯಾಡ. ಮುಂದಿನ ವಾರ ಧಾರವಾಡದವರು ನೋಡಾಕ ಬರಾವ್ರದಾರ' ಎಂದರು. ನಾನು ನಿಂತೆ. ಅಪ್ಪ ಹೊರಗೆ ಹೋಗಿ, ಮನೆಯಲ್ಲಿ ಹೆಣ್ಣುಮಕ್ಕಳು ಒಳಗಿದ್ದರು, ಯಾರೂ ನೋಡಲಿಲ್ಲ ಎಂದರು. ಪರೀಕ್ಷಿಸದೆ, ಅಜಾಗರೂಕತೆಯಿಂದ ತಂತಿ ಮುಟ್ಟಿದ್ದರಿಂದ ಮರಣ ಎಂದು ಪೋಲೀಸರು ಬರೆದುಕೊಂಡರು. ಅಪ್ಪ ಸಹಿ ಹಾಕಿದರು.

ಧಾರವಾಡದವರು ಬಂದು ಹೋದರು. ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ. ಅದರ ಮರುದಿನ ನೀಲವ್ವನ ಮನೆಗೆ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದರು, ಮೊರ ಕೆಳಗಿಡಲಿಲ್ಲ. ಬಲ್ಬ್ ಹಿಡಿದು ನೋಡಿದ್ದು, ಹತ್ತದಿದ್ದದ್ದು, ಅವರು ಕೇಳಿದ್ದು, ನಾನು ಹೌದೆಂದದ್ದು, ಎಲ್ಲವನ್ನೂ ಹೇಳಿದೆ. ಹಿಂದಿರುಗುವ ತಂತಿಯ ವಿಷಯವನ್ನೂ ಹೇಳಿದೆ.

ಆಕೆ ಮೊರದಲ್ಲಿನ ಕಲ್ಲು ಆರಿಸುತ್ತಲೇ ಹೇಳಿದರು:

'ನಲ್ಲಿ ಹತ್ತರ ಮಂದಿ ಏನಂತಾರ ಗೊತ್ತೇನವಾ? ಸೊಕ್ಕಿನಿಂದ ಸತ್ತ ಅಂತಾರ. ಕರೆಂಟಿನ ಕೂಡ ಆಟ ಆಡಾಕ ಹೋದ ಅಂತಾರ. ನಾನೂ ಹಂಗಽ ತಿಳಕೊಂಡಿದ್ನಿ. ಹೆಣದ ಮುಂದ ಕುಂತು ಬೈದೇನಿ ಅವರಿಗೆ.' ಮೊರ ಕೆಳಗಿಟ್ಟರು. 'ಈಗ ನನ್ನ ಮನಿಯೊಳಗ ಬಂದು ನನಗ ಹೇಳಿದ್ರ ಏನಾತು? ಅಲ್ಲಿ ಹೋಗಿ ಹೇಳು.'

ಹೋದೆ. ಠಾಣೆಯಲ್ಲಿ ಹವಾಲ್ದಾರರೊಬ್ಬರೇ ಇದ್ದರು. ಕುರ್ಚಿ ಕೊಟ್ಟು ಕೂರಿಸಿ, ಕೊನೆಯವರೆಗೂ ಕೇಳಿ, 'ಕಾಗದ ಕಾರವಾರಕ್ಕ ಹೋಗೇತ್ರಿ ಅಕ್ಕೋರ. ನಿಮ್ಮ ತಂದೀದಽ ಸಹಿ ಐತಿ. ಈಗ ನೀವು ಬ್ಯಾರೆ ಹೇಳಿದ್ರ ಅವರು ಸುಳ್ಳ ಹೇಳ್ಯಾರ ಅಂದಂಗ ಆಗ್ತೈತಿ' ಎಂದರು. ಪೆನ್ನು ಮುಟ್ಟಲಿಲ್ಲ. ಗುತ್ತಿಗೆದಾರರ ಅಂಗಡಿಗೂ ಹೋಗಿ, ಅವರ ಆಳುಗಳ ಮುಂದೆ ಹೇಳಿದೆ. 'ನಿಮ್ಮ ಮನಸ್ಸು ದೊಡ್ಡದು' ಎಂದು ಕೈ ಮುಗಿದರು. ಮನೆಗೆ ಬಂದಾಗ ಅಪ್ಪನಿಗೆ ವಿಷಯ ಮುಟ್ಟಿತ್ತು. ಅವರು ನನ್ನ ಜೊತೆ ಮಾತು ಬಿಟ್ಟರು.

ತಿಂಗಳು ತುಂಬುವ ಮೊದಲೇ ನೀಲವ್ವ ಪಾಳಾಕ್ಕೆ ಹೊರಟರು. ಹಳಿಯಾಳದ ಬಸ್ಸು ನಿಂತಿತ್ತು. ಗಂಟು, ಒಂದು ತಗಡಿನ ಪೆಟ್ಟಿಗೆ, ಬೇರೇನೂ ಇರಲಿಲ್ಲ. ನನ್ನನ್ನು ಕಂಡು ಕೇಳಿದರು:

'ಹೇಳಿದೇನವಾ?'

'ಹೇಳಿದೆ.'

'ಬರಕೊಂಡ್ರೇನು?'

'ಇಲ್ಲ.'

'ಹಂಗಾದ್ರ ಹೇಳಿದಂಗ ಆಗಲಿಲ್ಲ' ಎಂದು ಬಸ್ಸು ಹತ್ತಿದರು. ಕಿಟಕಿಯ ಹತ್ತಿರ ಜಾಗವಿದ್ದರೂ ಆಚೆ ಬದಿಗೆ ಹೋಗಿ ಕುಳಿತರು.

ಬರೆದುಕೊಳ್ಳುವವರು ಸಿಗಲಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ಫಕೀರಪ್ಪ ಕಾಕಾ ಆ ಮಧ್ಯಾಹ್ನ ತಂತಿಯನ್ನು ಹಿಡಿಯುವ ಮೊದಲು ಎರಡು ಸಲ ಪರೀಕ್ಷೆ ಮಾಡಿದರು. ಎರಡು ಸಲವೂ ದೀಪ ಹತ್ತಲಿಲ್ಲ. ಅಷ್ಟಕ್ಕೂ ನಂಬದೆ, ಕೆಳಗೆ ನಿಂತಿದ್ದ ನನ್ನನ್ನು ಕೇಳಿದರು. ನಾನು ಹೌದು ಎಂದೆ.