ಸೋಲಲು ಬಾರದ ಮೇಸ್ತ್ರಿ

ಮೊನ್ನೆ ಕರೆಂಟಿನ ತಂತಿಗೆ ತಾಗುತ್ತಿದ್ದ ಮರವೊಂದನ್ನು ಕಡಿಯಲು ನಮ್ಮ ಬೀದಿಗೆ ಆಳುಗಳು ಬಂದಿದ್ದರು. ನಾನು ಒಳಗೆ ಅಕ್ಕಿ ತೊಳೆಯುತ್ತಿದ್ದೆ. ಮರ ಕುಯ್ಯುವ ಮಿಷನ್ನಿನ ಸದ್ದಿಗೆ ತಲೆ ಎತ್ತಲಿಲ್ಲ. ಹೊಸೂರಿನಲ್ಲಿ ಪ್ರತಿ ಸದ್ದಿಗೂ ತಲೆ ಎತ್ತುತ್ತ ಕೂತರೆ ಮನೆಯಲ್ಲಿ ಅಡುಗೆ ಆಗುವುದಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ವಾಸನೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಹೊಗೆ, ಅದರೊಳಗೆ ಹಸಿ ಮರದ ಹೊಟ್ಟು. ಕೈ ನೀರಿನಲ್ಲೇ ನಿಂತುಬಿಟ್ಟಿತು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಸ್ತ್ರಿ ಸಂಜೆ ಮನೆಗೆ ಬಂದರೆ ಇಡೀ ವಠಾರಕ್ಕೆ ಇದೇ ವಾಸನೆ ಹರಡುತ್ತಿತ್ತು.

ಆಗ ನಾವು ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿದ್ದೆವು. ನಾನೂ ನನ್ನ ಗಂಡನೂ ತುಮಕೂರಿನ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದವರು. ವಠಾರದ ಕೊನೆಯ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ; ಈಚೆಗೆ ನಾವು, ಆಚೆಗೆ ಮೇಸ್ತ್ರಿ ಮತ್ತು ಅವರ ಹೆಂಡತಿ. ಅವರು ಬೇರಿಕೆ ಕಡೆಯವರು. ಮರ ಕುಯ್ಯುವ ಗುಂಪೊಂದಕ್ಕೆ ಮೇಸ್ತ್ರಿಯೇ ಹಿರಿಯರು. ರೈತರ ನೀಲಗಿರಿ ತೋಪು, ಬದುವಿನ ಸಿಲ್ವರ್ ಓಕ್, ಮನೆಯ ಮೇಲೆ ಬಾಗಿದ ಹುಣಸೆ, ಎಲ್ಲದಕ್ಕೂ ಇವರನ್ನೇ ಕರೆಯುತ್ತಿದ್ದರು. ಕಾಡಂಚಿನ ಜವಳಗಿರಿ ಕಡೆ ಕೆಲಸವಿದ್ದರೆ ಸಂಜೆ ಆನೆ ಇಳಿಯುವ ಮೊದಲೇ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ತಮ್ಮನೂ ಅದೇ ಗುಂಪಿನಲ್ಲಿದ್ದ, ಎರಡು ಮಕ್ಕಳ ತಂದೆ.

ಆ ಗಂಡಸರಿಗೆ ಇಸ್ಪೀಟೂ ಬೇಡ, ಕ್ರಿಕೆಟ್ಟೂ ಬೇಡ. ಭಾನುವಾರ ಮಧ್ಯಾಹ್ನ ಕುಯ್ದು ಮುಗಿಸಿದ ಯಾವುದಾದರೂ ತೋಪಿನಲ್ಲಿ ಸೇರಿ ಮಿಷನ್ ಪಂದ್ಯ ಆಡುತ್ತಿದ್ದರು. ಸಿಪ್ಪೆ ಸುಲಿದ ನೀಲಗಿರಿ ದಿಮ್ಮಿಗಳನ್ನು ಮೋಟುಗಳ ಮೇಲೆ ಅಡ್ಡ ಮಲಗಿಸುವುದು. ಯಾರೋ ಟವೆಲ್ ಕೆಳಗೆ ಬಿಟ್ಟ ಕೂಡಲೇ ಮೇಲಿನಿಂದ ಒಂದು ಬಿಲ್ಲೆ, ಕೆಳಗಿನಿಂದ ಒಂದು, ಮತ್ತೆ ಮೇಲಿನಿಂದ ಒಂದು ಕುಯ್ಯಬೇಕು. ಬಿಲ್ಲೆಗಳನ್ನು ಮೊದಲು ನೆಲಕ್ಕೆ ಬೀಳಿಸಿದವನು ಗೆದ್ದ. ಅಕ್ಕನ ಜೊತೆ ನಾನೂ ಹೋಗಿ ಕಿವಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದೆ.

ಅಂಗಡಿಯಿಂದ ತಂದ ಹಾಗೆಯೇ ಮಿಷನ್ ಹಿಡಿದುಕೊಂಡು ಬಂದವನು ಅಲ್ಲಿ ನಗೆಪಾಟಲು. ಸೈಲೆನ್ಸರಿನ ಬಾಯಿ ಕೊರೆದು ಅಗಲ ಮಾಡಬೇಕು. ಚೈನು ತಿರುಗಿಸುವ ಚಕ್ರ ಒಂದು ಹಲ್ಲಾದರೂ ಹೆಚ್ಚಿನದು ಇರಬೇಕು. ಚೈನಿನ ಒಂದೊಂದು ಹಲ್ಲಿನ ಮುಂದೆಯೂ ಒಂದು ಸಣ್ಣ ಗೂಟವಿರುತ್ತದೆ. ಹಲ್ಲು ಮರವನ್ನು ತೀರ ಆಳಕ್ಕೆ ಕಚ್ಚದಂತೆ ತಡೆಯುವುದು ಅದರ ಕೆಲಸ. ಅದನ್ನು ಅರದಿಂದ ಉಜ್ಜಿ ತಗ್ಗಿಸಿದರೆ ಮಿಷನ್ ಬೆಣ್ಣೆ ಕುಯ್ದ ಹಾಗೆ ಕುಯ್ಯುತ್ತದೆ, ಅತಿಯಾದರೆ ಕೈಯನ್ನೇ ಒದೆಯುತ್ತದೆ. ಇದೆಲ್ಲ ನಡೆಯುತ್ತಿದ್ದುದು ನಮ್ಮ ಬಾಗಿಲ ಪಕ್ಕದ ಜಗಲಿಯ ಮೇಲೆ. ಅರದ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವಳು ಎದ್ದು ಹೋಗಿ ಜಗಳವನ್ನೂ ಆಡಿದ್ದೇನೆ. ಅವರು ಅರ ಕೆಳಗಿಟ್ಟು, "ಮಲ್ಕೊಳಮ್ಮಾ, ಆಯ್ತು," ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿದ ಮೇಲೆ ಮತ್ತೆ ಶುರು.

ಗೆದ್ದವನಿಗೆ ಸೋತವರು ನಾಟಿ ಕೋಳಿ ಸಾರು ಮಾಡಿ ಮುದ್ದೆ ಬಡಿಸಬೇಕು. ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಮುಂದಿನ ಪಂದ್ಯದವರೆಗೆ ಯಾರೂ ಮುಟ್ಟಲು ಹಿಂಜರಿಯುವ ಮರ ಬಂದರೆ, ಬಾಗಿದ್ದಾಗಲಿ ಸೀಳಿದ್ದಾಗಲಿ ಸೂರಿನ ಮೇಲೆ ಒರಗಿದ್ದಾಗಲಿ, ಅದು ಗೆದ್ದವನ ಪಾಲು. ಕೈಗರಗಸದ ಕಾಲದ ಕಟ್ಟಳೆಯಂತೆ ಅದು. ಚೆನ್ನಾಗಿ ಕುಯ್ಯುವವನಿಗೇ ಕಷ್ಟದ ಮರ ಹೋಗಲಿ ಎಂದು ಹಿಂದಿನವರು ಮಾಡಿದ್ದು. ಮೇಸ್ತ್ರಿ ಪ್ರತಿ ಸಲವೂ ಗೆಲ್ಲುತ್ತಿದ್ದರು. ಹಾಗಾಗಿ ಕೆಟ್ಟ ಮರಗಳೆಲ್ಲ ವರ್ಷಗಟ್ಟಲೆ ಅವರ ಕೊರಳಿಗೇ ಬಿದ್ದವು.

ಇದು ನನಗೆ ಹೊಸ ವಿಷಯವೇನಲ್ಲ. ನಮ್ಮ ಫ್ಯಾಕ್ಟರಿ ಲೈನಿನಲ್ಲೂ ಕೈ ಚುರುಕಿದ್ದವಳನ್ನೇ ಗಟ್ಟಿ ಕೆಲಸದ ಜಾಗಕ್ಕೆ ನಿಲ್ಲಿಸುತ್ತಾರೆ. ನಾನು ಇಂದಿಗೂ ಅಲ್ಲೇ ನಿಂತಿದ್ದೇನೆ. ಶಹಭಾಸ್ ಎನ್ನಿಸಿಕೊಂಡವರ ಪಾಡು ಎಲ್ಲ ಕಡೆಯೂ ಒಂದೇ.

ಒಂದು ಸಂಜೆ ಅಕ್ಕ ಜಗಲಿಯ ಮೇಲೆ ಕೂತು ಮೇಸ್ತ್ರಿ ತೊಟ್ಟಿದ್ದ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದಳು. ನಾನು ತಮಾಷೆ ಮಾಡಿದೆ, ಹೊಸ ಮದುವಣಿಗನೇ ಎಂದು. ಅಕ್ಕ ನಗಲಿಲ್ಲ. ಮೇಸ್ತ್ರಿ ತಮ್ಮ ಕೈ ಚಾಚಿ ತೋರಿಸಿದರು. ಬೆರಳ ತುದಿಗಳು ನೆನೆದ ಕಡಲೆಬೀಜದ ಹಾಗೆ ಬಿಳಿಚಿಕೊಂಡಿದ್ದವು. ಅಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಒಂದು ಬೆರಳಿಗೆ ಚುಚ್ಚಿದಳು, ಅವರಿಗೆ ಗೊತ್ತೇ ಆಗಲಿಲ್ಲ. ಮಿಷನ್ನಿನ ನಡುಕ ಬೆರಳಿಗೆ ಏರಿದೆ, ಇನ್ನು ಅದನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರಂತೆ.

"ಮಲಗಿರೋ ಮರ ಕುಯ್ಯಕ್ಕೆ ಭುಜ ಸಾಕು ಕಣಮ್ಮಾ," ಅಂದರು ಮೇಸ್ತ್ರಿ. "ನಿಂತಿರೋ ಮರಕ್ಕೆ ಬೆರಳು ಬೇಕು. ಬೀಳಕ್ ಮುಂಚೆ ಒಂದ್ ಸಣ್ ನಡುಕ ಹಿಡಿಗೆ ಬತ್ತದೆ. ಈಗ ನಂಗದು ಗೊತ್ತಾಗಾಕಿಲ್ಲ."

ಹಾಗಾದರೆ ಬಿಟ್ಟುಬಿಡಿ, ಮಿಷನ್ ರಿಪೇರಿ ಅಂಗಡಿ ಹಾಕಿ ಎಂದೆ. ಅವರು ತಲೆಯಾಡಿಸಿದರು.

"ನಾನ್ ಬಿಟ್ರೆ ಕೆಟ್ ಮರ ಬರೋದ್ ಬಿಡ್ತದಾ? ಇನ್ಯಾರ್ದೋ ತಲೆ ಮ್ಯಾಲ್ ಬತ್ತದೆ. ನನ್ನ ಯಾವನಾದ್ರೂ ಸರಿಯಾಗಿ ಸೋಲಿಸ್ಬೇಕು. ಅಂಗೆ ಸೋಲಿಸ್ದೋನ್ ಕೈಗ್ ಕೊಟ್ರೆ ನಂಗ್ ನಿದ್ದೆ ಬತ್ತದೆ."

ಬೇಕೆಂದೇ ಸೋಲಲು ಒಮ್ಮೆ ಪ್ರಯತ್ನಿಸಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ. ಎರಡನೆಯ ಬಿಲ್ಲೆಯಲ್ಲಿ ಮಿಷನ್ನನ್ನು ಓರೆ ಮಾಡಿ ಮರದೊಳಗೆ ಸಿಕ್ಕಿಸಿಕೊಂಡರು. ಪಕ್ಕದವನು ಗೆಲ್ಲುವುದು ಬಿಟ್ಟು ತನ್ನ ಮಿಷನ್ ನಿಲ್ಲಿಸಿಬಿಟ್ಟ. ಮೇಸ್ತ್ರಿಯ ಮಿಷನ್ ಕಚ್ಚಿಕೊಂಡರೆ ಅದೆಂಥ ಗೆಲುವು, ಮೊದಲಿನಿಂದ ಆಡೋಣ ಎಂದು ಎಲ್ಲರೂ ಹಟ ಹಿಡಿದರು. ಮೊದಲಿನಿಂದ ಆಡಿದರು. ಮೇಸ್ತ್ರಿ ಗೆದ್ದರು. ಆ ಸಂಜೆ ಮುದ್ದೆ ಮುರಿಯುತ್ತ ಕೂತಿದ್ದ ಅವರ ಮುಖ... ಗೆದ್ದವನ ಮುಖ ಎಂದು ಯಾರೂ ಹೇಳುವಂತಿರಲಿಲ್ಲ.

ಆಮೇಲೆ ಅವರು ಇನ್ನೊಂದು ದಾರಿ ಹಿಡಿದರು. ಇಷ್ಟು ವರ್ಷ ಯಾರಿಗೂ ಬಿಟ್ಟುಕೊಡದ ಗುಟ್ಟುಗಳನ್ನೆಲ್ಲ ಗುಂಪಿನವರಿಗೆ ಕರೆದು ಕರೆದು ಹೇಳಿಕೊಟ್ಟರು. ಒಬ್ಬೊಬ್ಬರ ಮಿಷನ್ನನ್ನೂ ಜಗಲಿಗೆ ತರಿಸಿ ಬಿಚ್ಚಿ ಕೂತರು. ತಮ್ಮದಕ್ಕಿಂತ ಚುರುಕಾಗಿ ಮಾಡಿಕೊಟ್ಟರು. ಬೆರಳಿಗೆ ತಿಳಿಯದ್ದನ್ನು ನಾಲಿಗೆಯಿಂದ ತಿಳಿಯುತ್ತಿದ್ದರು. ಹಲ್ಲಿನ ಅಂಚು ಎಷ್ಟು ಹರಿತವಾಗಿದೆ ಎಂದು ನಾಲಿಗೆಯ ತುದಿ ಮುಟ್ಟಿಸಿ ನೋಡುತ್ತಿದ್ದರು. ಅಕ್ಕ ಬೈಯುತ್ತಿದ್ದಳು. ಆದರೂ ಭಾನುವಾರ ಬಂದರೆ ಗೆಲ್ಲುವವರು ಇವರೇ. ಸೋಲಲು ಅಷ್ಟು ಒದ್ದಾಡಿದ ಮನುಷ್ಯನನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಕೊನೆಗೆ ಅಕ್ಕನ ತಮ್ಮ ಗೆದ್ದ. ಮೇಸ್ತ್ರಿ ಅವನ ಮಿಷನ್ನಿನ ಗೂಟಗಳನ್ನು ಬೇರೆ ಯಾರದ್ದಕ್ಕೂ ಮಾಡದಷ್ಟು ತಗ್ಗಿಸಿಕೊಟ್ಟಿದ್ದರು. ಬಿಲ್ಲೆಗಳು ತಟಪಟನೆ ಬಿದ್ದವು. ಮೇಸ್ತ್ರಿಯ ಮೂರನೆಯ ಬಿಲ್ಲೆ ಇನ್ನೂ ಮರದಲ್ಲೇ ಇತ್ತು. ಅವರು ಮಿಷನ್ ನಿಲ್ಲಿಸಿ, ಬಾಮೈದನ ಬೆನ್ನು ತಟ್ಟಿ, ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಅಂದು ಕೋಳಿ ಸಾರು ಬಡಿಸಿದವರು ಅವರೇ. ಮುಂದಿನ ದಿನಗಳಲ್ಲಿ ಅರದ ಸದ್ದಿಲ್ಲ, ಜಗಳವಿಲ್ಲ. ರಿಪೇರಿ ಅಂಗಡಿಗೆಂದು ಬೇರಿಕೆ ರಸ್ತೆಯಲ್ಲಿ ಒಂದು ಮಳಿಗೆ ನೋಡಿಕೊಂಡು ಬಂದರು. ಅಕ್ಕ ಗೋಡೆಯ ಆಚೆ ಹಾಡಿಕೊಳ್ಳುವುದನ್ನು ನಾನು ಕೇಳಿದ್ದು ಆಗ ಮಾತ್ರ...

ಅಷ್ಟರಲ್ಲಿ ಜವಳಗಿರಿ ಕಡೆಯಿಂದ ಹುಣಸೆ ಮರವೊಂದರ ಕರೆ ಬಂತು. ಬುಡದಿಂದ ಅರ್ಧದವರೆಗೆ ಸೀಳು ಬಿಟ್ಟು, ಒಬ್ಬರ ಹೆಂಚಿನ ಮನೆಯ ಮೇಲೆ ಒರಗಿತ್ತಂತೆ. ಆ ಮನೆಯವರು ಹೆದರಿ ಬೇರೆಯವರ ಮನೆಯಲ್ಲಿ ಮಲಗುತ್ತಿದ್ದರು. ಕಟ್ಟಳೆಯ ಪ್ರಕಾರ ಆ ಮರ ಬಾಮೈದನದು. ಅವನು ಕೂಡಲೇ ಒಪ್ಪಿಕೊಂಡ. ಅಂಥ ಮರವನ್ನು ಅವನು ಹಿಂದೆಂದೂ ಮುಟ್ಟಿರಲಿಲ್ಲ.

ಅಕ್ಕ ನನ್ನ ಅಡುಗೆಮನೆಗೆ ಬಂದು ಗೋಡೆಗೊರಗಿ ಕೂತಳು. "ಅವರು ಹೋದ್ರೆ ಗಂಡ, ಅವ್ನು ಹೋದ್ರೆ ತಮ್ಮ. ನಾನ್ ಯಾರಿಗ್ ಹೋಗ್ ಅನ್ಲಿ ಹೇಳು," ಅಂದಳು. ನಾನು ಕಾಫಿ ಮಾಡಿ ಕೊಟ್ಟೆ. ಅವಳು ಅದನ್ನು ಕುಡಿಯಲಿಲ್ಲ.

ಮರುದಿನ ಬೆಳಗ್ಗೆ ನಾನು ಫ್ಯಾಕ್ಟರಿ ಬಸ್ಸಿಗೆ ಹೊರಟಾಗ ಮೇಸ್ತ್ರಿ ಜಗಲಿಯ ಮೇಲೆ ತಮ್ಮ ಹಳೆಯ ಕೆಲಸದ ಮಿಷನ್ನಿಗೆ ಪೆಟ್ರೋಲ್ ತುಂಬುತ್ತಿದ್ದರು. ಪಂದ್ಯದ್ದಲ್ಲ, ಗೂಟ ತಗ್ಗಿಸದ ನಿಧಾನದ ಮಿಷನ್. ಬಾಮೈದ ಎದುರಿಗೆ ನಿಂತಿದ್ದ.

"ನಾ ತಾನೆ ಭಾವ ಗೆದ್ದಿದ್ದು. ನನ್ ಮರ ಅದು," ಎಂದ.

"ನೀನ್ ಗೆಲ್ಲಿಲ್ಲ ಕಣ್ಲಾ," ಅಂದರು ಮೇಸ್ತ್ರಿ, ತಲೆ ಎತ್ತದೆ. "ನಾನ್ ಮಾಡ್ಕೊಟ್ ಮಿಷನ್ ಗೆದ್ದಿದ್ದು. ಮಿಷನ್ ಮಾಡ್ಕೊಟ್ಟೆ, ಕೈ ಮಾಡ್ಕೊಡಕ್ಕೆ ನಂಗೆಲ್ ಬತ್ತದೆ?"

ಹೇಳುವಾಗ ಅವರಿಗೇ ಅದು ಅರ್ಥವಾದಂತೆ ಕಂಡಿತು. ಕೈಗರಗಸದ ಕಾಲದಲ್ಲಿ ಪಂದ್ಯ ಗೆದ್ದವನ ಕೈ ನಿಜವಾಗಿಯೂ ಪಳಗಿದ ಕೈ. ಈಗ ಮಿಷನ್ನನ್ನು ಹೇಗೆ ಬೇಕಾದರೂ ಓಡುವಂತೆ ಮಾಡಬಹುದು, ಆ ಓಟ ನೋಡಿ ಸೀಳಿದ ಮರವನ್ನು ಯಾರ ಪಾಲಿಗೂ ಹಾಕುವಂತಿಲ್ಲ. ತಾವು ಸೋತು ಹೊರಗೆ ಬರಲು ಕಟ್ಟಿಕೊಂಡ ಬಾಗಿಲಿಗೆ ಅವರು ತಾವೇ ಚಿಲಕ ಹಾಕಿಕೊಂಡಿದ್ದರು. ನನ್ನ ಬಸ್ಸು ಬಂತು, ನಾನು ಹತ್ತಿದೆ. ಅಂದು ಲೈನಿನಲ್ಲಿ ನನ್ನ ಕೈ ಸಾಗಲಿಲ್ಲ.

ಹುಣಸೆ ಮರ ಸರಿಯಾಗಿಯೇ ಬಿತ್ತು. ಮೇಸ್ತ್ರಿ ಅದಕ್ಕೆ ಹಗ್ಗ ಬಿಗಿದು, ಸೀಳಿಗೆ ಸರಪಳಿ ಸುತ್ತಿಸಿ, ಕೊಂಬೆ ಕೊಂಬೆಯಾಗಿ ಇಳಿಸಿದರಂತೆ. ಒಂದು ಹೆಂಚೂ ಒಡೆಯಲಿಲ್ಲ. ಸುತ್ತಲಿನ ಊರಿನವರೆಲ್ಲ ನಿಂತು ನೋಡಿದರಂತೆ. ಬಾಮೈದ ತನ್ನ ಪಂದ್ಯದ ಮಿಷನ್ನನ್ನು ಭಾವನ ಕಾಲ ಬಳಿ ಇಟ್ಟು, ಇನ್ನು ನಿಮ್ಮೊಡನೆ ಪಂದ್ಯವೇ ಆಡುವುದಿಲ್ಲ, ಯಾವತ್ತೂ ನೀವೇ ಗೆದ್ದಂತೆ ಎಂದನಂತೆ. ಉಳಿದವರೂ ಹೌದು ಹೌದು ಎಂದರಂತೆ. ಅವರೆಲ್ಲ ಪ್ರೀತಿಯಿಂದಲೇ ಹೇಳಿದ್ದು. ಮೇಸ್ತ್ರಿ ಹಗ್ಗ ಸುರುಳಿ ಸುತ್ತತೊಡಗಿದರಂತೆ. ಬೇರಿಕೆ ರಸ್ತೆಯ ಮಳಿಗೆಯಲ್ಲಿ ಯಾರೋ ಬೇಕರಿ ತೆರೆದರು. ಆ ಹುಣಸೆಯ ಸುದ್ದಿ ಕೇಳಿದವರು ಎಲ್ಲೆಲ್ಲಿಂದಲೋ ಕೆಟ್ಟ ಮರಗಳಿಗೆ ಆ ಮೇಸ್ತ್ರಿಯೇ ಬೇಕು ಎಂದು ಹುಡುಕಿಕೊಂಡು ಬಂದರು.

ದೊಡ್ಡ ಮರಗಳೆಲ್ಲ ಅವರನ್ನು ಬಿಟ್ಟವು. ಅವರನ್ನು ಬಲಿ ತೆಗೆದುಕೊಂಡದ್ದು ಹೊಲದ ಬದುವಿನ ಒಂದು ಸಣಕಲು ಸಿಲ್ವರ್ ಓಕ್. ಯಾರು ಬೇಕಾದರೂ ಕುಯ್ಯಬಹುದಾದ ಮರ. ಬೀಳುವ ಮುಂಚಿನ ನಡುಕ ಹಿಡಿಗೆ ಬಂದಿರಬೇಕು, ಬೆರಳುಗಳಿಗೆ ತಿಳಿಯಲಿಲ್ಲ... ನಾನು ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಕೇಳಿದೆ. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂದಿತ್ತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಾಗಲಿಲ್ಲ. ಗುಂಪಿನಲ್ಲಿ ಒಬ್ಬನಾದರೂ ಕೆಟ್ಟವನಿದ್ದಿದ್ದರೆ ಅವನನ್ನು ಬೈದು ಹಗುರಾಗುತ್ತಿದ್ದೆ.

ಅಕ್ಕ ಈಗ ಬೇರಿಕೆಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಮೊನ್ನೆ ಆ ವಾಸನೆ ಮೂಗಿಗೆ ಬಡಿದ ಮೇಲೆ ಫೋನ್ ಮಾಡಿದೆ. ಅಕ್ಕನ ಜೊತೆ ಮಾತು ಮುಗಿದ ಮೇಲೆ ತಮ್ಮ ಫೋನ್ ತೆಗೆದುಕೊಂಡ. ಪಂದ್ಯ ಇನ್ನೂ ಆಡುತ್ತೀರಾ ಎಂದು ಕೇಳಿದೆ.

"ಎಲ್ಯಕ್ಕಾ ಆಡ್ತೀವಿ. ಭಾವ ಹೋದ್ಮೇಲೆ ಒಂದ್ ಭಾನ್ವಾರ ದಿಮ್ಮಿ ಇಟ್ವಿ. ಟವೆಲ್ ಬಿಟ್ರು. ಎಲ್ರೂ ಮಿಷನ್ ಹಿಡ್ಕಂಡ್ ಸುಮ್ನೆ ನಿಂತ್ಬುಟ್ರು. ಗೆಲ್ಲಾಕೆ ಯಾರೂ ಒಪ್ಲಿಲ್ಲ."

"ಹಾಗಾದ್ರೆ ಕೆಟ್ಟ ಮರ ಬಂದ್ರೆ?"

"ಬತ್ತಾನೇ ಇರ್ತವಲ್ಲ. ನಾನೇ ಕುಯ್ತೀನಿ. ಇನ್ಯಾರಿಗ್ ಹೇಳಾದು."

ಹಿಂದಿನಿಂದ ಅಕ್ಕ ಏನೋ ಅನ್ನುತ್ತಿದ್ದಳು, ಮಾತು ಸ್ಪಷ್ಟವಾಗಲಿಲ್ಲ. ಕೇಳಬಾರದು ಅಂದುಕೊಂಡರೂ ನನ್ನ ಬಾಯಿ ಕೇಳಿಬಿಟ್ಟಿತು, ಬೆರಳು ಹೇಗಿವೆ ಅಂತ.

ಅವನು ದನಿ ತಗ್ಗಿಸಿದ. "ಬೆಳಿಗ್ಗೆ ಹೊತ್ತು ಒಸಿ ಜೋಮು ಹಿಡೀತವೆ. ಅಕ್ಕನ್ ಮುಂದೆ ಹೇಳ್ಬೇಡಿ," ಎಂದ.

ಹೇಳುವುದಿಲ್ಲ ಎಂದೆ. ಮೇಸ್ತ್ರಿ ಸತ್ತ ದಿನ ಬಾರದ ಅಳು ಫೋನ್ ಇಟ್ಟ ಮೇಲೆ ಬಂತು.