ಆದಿತಾಳಕ್ಕೆ ಸಿಗದ ಹಾಡು

ನನ್ನ ಬಲಗೈಯನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಚಿಕ್ಕಂದಿನಿಂದ ಮೃದಂಗ ಕಲಿತ ಕೈ. ಮದುವೆಮನೆಯ ವಾಲಗವಾಗಲಿ, ಆಟೋದೊಳಗಿನ ಸಿನಿಮಾ ಹಾಡಾಗಲಿ, ಕಿವಿಗೆ ಬಿದ್ದದ್ದೇ ತಡ, ತಾನಾಗಿಯೇ ತೊಡೆಯ ಮೇಲೆ ತಾಳ ಹಾಕಿಬಿಡುತ್ತದೆ. ಶಂಕರಪುರದ ನಮ್ಮ ಮನೆಯಲ್ಲಿ ತಾಳದ ವಿಷಯಕ್ಕೆ ನಾನು ಹೇಳಿದ್ದೇ ಕೊನೆಯ ಮಾತು.

ಪಿಯುಸಿ ಓದುತ್ತಿದ್ದಾಗ ತಮ್ಮ ಒಂದು ಸಿ.ಡಿ. ತಂದ. ಪ್ರೋಗ್ರೆಸಿವ್ ಡೆತ್ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತವಂತೆ. ಗಂಟಲಲ್ಲಿ ಮುಳ್ಳು ಸಿಕ್ಕವನ ಹಾಗೆ ಒಬ್ಬ ಅರಚುತ್ತಿದ್ದ. ತಮ್ಮ ಗಿಟಾರ್ ಹಿಡಿದು ದಿನವಿಡೀ ಅದನ್ನೇ ಅಭ್ಯಾಸ ಮಾಡುತ್ತಿದ್ದ. ರಾಮನವಮಿಯ ದಿನ ನನ್ನ ಗುರುಗಳು ಪಾನಕಕ್ಕೆಂದು ಮನೆಗೆ ಬಂದಾಗಲೂ ರೂಮಿನಲ್ಲಿ ಅದೇ ಗಲಾಟೆ. ಅಪ್ಪ ಅವನನ್ನು ಪ್ಲೇಯರ್ ಸಮೇತ ಹಾಲಿಗೆ ಕರೆಸಿ ಕೊನೆಯ ಹಾಡು ಹಾಕಿಸಿದರು. "ಇದೂ ಸಂಗೀತಾನಾ? ನೀನೇ ಹೇಳಮ್ಮ," ಎಂದರು.

ನಾನು ಎಂಟೆಣಿಕೆಯ ಆದಿತಾಳ ಹಾಕಿದೆ. ತಪ್ಪಿತು. ಮತ್ತೆ ಹಾಕಿದೆ, ಮತ್ತೆ ತಪ್ಪಿತು. ಗುರುಗಳು ನೋಡುತ್ತಿದ್ದರು. "ಇದಕ್ಕೆ ತಾಳಾನೇ ಇಲ್ಲ," ಅಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅವನ ಬೆರಳುಗಳು ಪ್ಯಾಂಟಿನ ಮೇಲೆ ಅದುರುತ್ತಿದ್ದವು. ಹೆದರಿದ್ದಾನೆ ಅಂದುಕೊಂಡೆ.

ಮರುದಿನ ಅಪ್ಪ ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟರು. ತಮ್ಮ ಸಿ.ಡಿ.ಯನ್ನು ನನ್ನ ಮೃದಂಗದ ಚೀಲದೊಳಗೆ ಹಾಕಿಟ್ಟ.

ನನಗೆ ಮೈಯೆಲ್ಲ ಉರಿಯಿತು. ನಾನು ಹೇಳಿದ್ದೇ ಸರಿ ಎಂದು ಸಾಧಿಸುವುದಕ್ಕಾಗಿಯೇ ಆಗಾಗ ಹಲ್ಲುಕಚ್ಚಿ ಅದನ್ನು ಕೇಳುತ್ತಿದ್ದೆ. ಮೂರನೇ ವರ್ಷವೋ ಏನೋ, ಮಧ್ಯದ ಹಾಡೊಂದರಲ್ಲಿ ಅರಚಾಟ ನಿಂತು ಗಿಟಾರೊಂದೇ ಉಳಿಯುವ ಕಡೆ ಕಣ್ಣು ತುಂಬಿಕೊಂಡಿತು. ಅದಕ್ಕೂ ಸಿಟ್ಟು ಬಂತು. ಬರಬರುತ್ತಾ ಅರಚುವವನ ದನಿಯೂ ಹಿಡಿಸತೊಡಗಿತು; ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದನ್ನೆಲ್ಲ ಅವನೊಬ್ಬ ಹೇಳುತ್ತಿದ್ದ. ಕೊನೆಯ ಹಾಡು ಮಾತ್ರ ನನ್ನ ಕೈಗೆ ಸಿಗಲೇ ಇಲ್ಲ.

ಹೋದ ತಿಂಗಳು ಒಂದು ಸಂಗೀತ ಕಚೇರಿಗೆ ಹೊರಡುವ ಮುಂಚೆ, ನಾದ ಹದಕ್ಕೆ ಬರಲೆಂದು ಮೃದಂಗದ ಎಡಗಡೆಗೆ ಮೆತ್ತುವ ರವೆ ಕಲಸುತ್ತಾ ಆ ಕೊನೆಯ ಹಾಡನ್ನು ಹಾಕಿಕೊಂಡಿದ್ದೆ. ಬಲಗೈ ತುಂಬಾ ಅಂಟು. ತಾಳ ಹಾಕುವಂತಿಲ್ಲ, ಸುಮ್ಮನೆ ಕೇಳಬೇಕಾಯಿತು. ಗಿಟಾರ್ ಏಳೇಳಾಗಿ ಹೋಗುತ್ತಿತ್ತು, ಡ್ರಮ್ ಐದೈದಾಗಿ. ಮೂವತ್ತೈದು ಎಣಿಕೆ ಮುಗಿದ ಕೂಡಲೇ ಎರಡೂ ಒಂದೇ ಏಟಿಗೆ ಬಂದು ಸೇರಿದವು. ಇಷ್ಟು ವರ್ಷ ಅದರ ಮೇಲೆ ನನ್ನ ಎಂಟನ್ನು ಹೇರುತ್ತಾ ಕೂತಿದ್ದೆ. ರವೆಯ ಬಟ್ಟಲನ್ನು ಗೋಡೆಗೆ ಎಸೆಯುವಷ್ಟು ಕೋಪ ಬಂತು.

ತಮ್ಮ ಈಗ ಬಳೇಪೇಟೆಯ ವಾದ್ಯದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಿರಾಕಿಗಳ ಗಿಟಾರಿಗೆ ಶ್ರುತಿ ಮಾಡಿಕೊಡುತ್ತಾನೆ, ತಾನು ನುಡಿಸುವುದಿಲ್ಲ. ಮರುದಿನವೇ ಅಲ್ಲಿಗೆ ಹೋದೆ.

"ಐದೂ ಏಳೂ ಕಣೋ. ಮೂವತ್ತೈದಕ್ಕೆ ಸೇರತ್ತೆ. ತಪ್ಪು ನಂದು."

ಅವನು ತಂತಿ ಬಿಗಿಯುತ್ತಲೇ ಇದ್ದ. "ಗೊತ್ತಕ್ಕ. ಅವತ್ತು ಹಾಲಲ್ಲಿ ಅದನ್ನೇ ಹಾಕ್ತಿದ್ದೆ, ಪ್ಯಾಂಟ್ ಮೇಲೆ. ನೀನು ನೋಡ್ತಾನೇ ಇದ್ದೆ."

"ಈಗ ಒಂದ್ಸಲ ನುಡಿಸೋ."

ಶ್ರುತಿ ಸರಿಹೋದ ಗಿಟಾರನ್ನು ಅವನು ಕಾದು ನಿಂತಿದ್ದ ಗಿರಾಕಿಗೆ ಕೊಟ್ಟ. "ಬೆರಳು ತಿರುಗಲ್ಲ ಅಕ್ಕ ಈಗ," ಎಂದ.